ಕುರಿತಾತ ಕತ್ತರಿಸಿದ ಒಂದು ಮೀಟರ್

ಕಳೆದ ವಾರ ಸೋಲೂರಿನ ಬಳಿ ರಸ್ತೆ ಕೆಲಸಕ್ಕೆ ಜಿಯೋಗ್ರಿಡ್ ಸುರುಳಿ ಬಿಚ್ಚಿಸುತ್ತಿದ್ದೆ. ಬಿಸಿಲಿಗೆ ಕಾದ ಆ ಕಪ್ಪು ಪ್ಲಾಸ್ಟಿಕ್ ಬಲೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಲ್ಯದ ಕುರಿತಾತ ನೆನಪಾಗಿ ಮೈ ಉರಿಯಿತು.

ಎಂಜಿನಿಯರ್ ಆಗಿ ನನ್ನ ಕೈಗೆ ಬಂದ ಮೊದಲ ಕೆಲಸ, ಕಲ್ಯ ಎಂಬ ಹಳ್ಳಿಯ ಕೆರೆ ಪಕ್ಕದ ರಸ್ತೆ. ಅಡಿಯೆಲ್ಲ ಕೆಸರು. ಎಷ್ಟು ಜಲ್ಲಿ ಸುರಿದರೂ ನುಂಗುತ್ತಿತ್ತು. ಮಳೆ ಬಂದರೆ ಹಾಲಿನ ವ್ಯಾನ್ ಹೂತು ನಿಲ್ಲುತ್ತಿತ್ತು. ಅದಕ್ಕೇ ಈ ಬಲೆ. ಜಲ್ಲಿ ಅದರ ಕಣ್ಣುಗಳಲ್ಲಿ ಸಿಕ್ಕಿಕೊಂಡರೆ ಅತ್ತಿತ್ತ ಸರಿಯುವುದಿಲ್ಲ, ಭಾರ ಹಂಚಿಹೋಗುತ್ತದೆ. ಒಂದು ಸುರುಳಿ ಮುಗಿಯುವಲ್ಲಿ ಇನ್ನೊಂದನ್ನು ಒಂದು ಮೀಟರಿನಷ್ಟು ಅದರ ಮೇಲೆ ಬರುವಂತೆ ಹಾಸಬೇಕು.

ಕುರಿ ಸಾಕಿಕೊಂಡು ರಸ್ತೆಬದಿಯಲ್ಲೇ ಮನೆಯಿದ್ದ ತಾತ ದಿನಾ ಬಂದು ನಿಲ್ಲುತ್ತಿದ್ದ. "ಈ ಬಲೆ ಯಾತಕ್ಕೆ ಸಾರ್?" ಎಂದು ಮೂರು ಸಲ ಕೇಳಿದ. "ನಿಮಗೆ ಅರ್ಥ ಆಗಲ್ಲ, ಹೋಗಿ ಕುರಿ ನೋಡ್ಕೊಳ್ಳಿ" ಎಂದು ಮೂರು ಸಲವೂ ಅಟ್ಟಿದೆ.

ಒಂದು ಬೆಳಗ್ಗೆ ಹೋಗಿ ನೋಡಿದರೆ, ಮುಂದಿನ ಸುರುಳಿಯ ಜೋಡಣೆಗೆಂದು ಜಲ್ಲಿಯಿಂದ ಹೊರಗೆ ಬಿಟ್ಟಿದ್ದ ಒಂದು ಮೀಟರ್ ಬಲೆ ಮಂಗಮಾಯ. ತಾತನ ಕುರಿದೊಡ್ಡಿಯ ಬಾಗಿಲಿಗೆ ಅಚ್ಚುಕಟ್ಟಾಗಿ ಬಿಗಿದಿತ್ತು.

"ಮಿಕ್ಕಿದ್ದು ಅಂದ್ಕಂಡೆ ಸಾರ್. ಒಸಿ ತಾನೆ" ಎಂದ.

ಒಸಿಯಂತೆ. ಆ ಚೂರು ಬಲೆಗಾಗಿ, ರೋಲರ್ ಓಡಿಸಿ ಗಟ್ಟಿ ಮಾಡಿದ್ದ ಜಲ್ಲಿಯನ್ನು ರಸ್ತೆಯ ಅಗಲಕ್ಕೂ ಕೆದಕಿ ಒಳಗಿನ ಬಲೆಯನ್ನು ಮತ್ತೆ ಒಂದು ಮೀಟರಿನಷ್ಟು ಬಿಡಿಸಬೇಕಿತ್ತು. ಮೇಲೆ ಮೋಡ ಬೇರೆ ಕಟ್ಟಿತ್ತು. ನನಗೆ ತಲೆ ಕೆಟ್ಟುಹೋಯಿತು. ಕೂಲಿಯವರ ಮುಂದೆ, ಅವನ ಸೊಸೆಯ ಮುಂದೆ, ಕಳ್ಳ ಎಂದುಬಿಟ್ಟೆ.

ತಾತ ಬಲೆ ಬಿಚ್ಚಿ ತಂದು ನನ್ನ ಕಾಲ ಬಳಿ ಇಟ್ಟ. ಕತ್ತರಿಸಿದ್ದನ್ನು ನಾನೇನು ಮಾಡಲಿ, ನನ್ನ ತಲೆಗೆ ಸುತ್ತಿಕೊಳ್ಳಲೇ? ಆಮೇಲೆ ಹಾರೆ ಹಿಡಿದವನು, ಬೇಡವೆಂದರೂ ಕೇಳದೆ ಸಂಜೆವರೆಗೂ ಜಲ್ಲಿ ಕೆದಕಿದ... ಮಳೆಗೆ ಮುಂಚೆ ಜೋಡಣೆ ಮುಗಿಯಿತು. ಆ ರಸ್ತೆ ಇಂದಿಗೂ ಕುಸಿದಿಲ್ಲ.

ಸೋಲೂರಿನಿಂದ ಆ ಸಂಜೆ ಬೈಕನ್ನು ಕಲ್ಯಕ್ಕೆ ತಿರುಗಿಸಿದೆ. ಸೊಸೆ ಗುರುತು ಹಿಡಿದಳು. ತಾತ ತೀರಿಹೋಗಿ ಎರಡು ವರ್ಷವಾಯಿತಂತೆ.

"ಅವತ್ತಿಂದ ಈ ರೋಡ್‌ಗೆ ಅವ್ರು ಮತ್ತೆ ಕಾಲಿಕ್ಕಲೇ ಇಲ್ಲ ಸಾರ್. ಕುರಿ ಹೊಡ್ಕಂಡು ಕೆರೆ ಸುತ್ತಾಕ್ಕಂಡೇ ಹೋಗೋರು" ಎಂದಳು.

ಹಠಮಾರಿ ಮುದುಕ. ಆ ವಯಸ್ಸಿನಲ್ಲಿ, ಆ ಕಲ್ಲುಮುಳ್ಳಿನಲ್ಲಿ, ದಿನಾ ಅಷ್ಟು ದೂರ. ನನಗೆ ಎರಡು ಮಾತು ಬೈದು ರಸ್ತೆಯಲ್ಲಿ ನಡೆದಿದ್ದರೆ ಏನಾಗುತ್ತಿತ್ತು... ತಪ್ಪಾಯಿತು ಎನ್ನೋಣವೆಂದರೆ ಈಗ ಅವನೇ ಇಲ್ಲ.

ನಾನು ಅದೇ ರಸ್ತೆಯಲ್ಲಿ ಹಿಂತಿರುಗಿದೆ. ಬೈಕು ಎಲ್ಲಿಯೂ ಕುಲುಕಲಿಲ್ಲ.