ಊಟದ ಹೊತ್ತಿನ ವೇಗ

ಆ ಮಂಡಕ್ಕಿ ಭಟ್ಟಿಯ ಮೋಟರ್ ಮತ್ತೆ ಸುಟ್ಟುಹೋಯಿತೆಂದು ಫೋನ್ ಬಂದಾಗ ನನಗೆ ರೇಗಿಹೋಯಿತು. ಹರಿಹರದ ನನ್ನ ರಿಪೇರಿ ಅಂಗಡಿಗೆ ಬಾಗಿಲು ಎಳೆದು, ದಾವಣಗೆರೆ ಮುಟ್ಟುವವರೆಗೂ ಗೊಣಗುತ್ತಲೇ ಬೈಕ್ ಓಡಿಸಿದೆ. ಮೋಟರ್‌ನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಕೂರಿಸಿದವನು ನಾನು. ಕೆಟ್ಟರೆ ಹೆಸರು ಕೆಡುವುದೂ ನನ್ನದೇ.

ಭಟ್ಟಿಯಲ್ಲಿ ದುಡಿಯುವವರು ಗಂಡ ಹೆಂಡತಿ ಇಬ್ಬರೇ. ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವ ಡ್ರಮ್ಮನ್ನು ಯಜಮಾನರು ಮೊದಲು ಕೈಯಿಂದಲೇ ತಿರುಗಿಸುತ್ತಿದ್ದರು. ಭುಜ ಕೈಕೊಟ್ಟ ಮೇಲೆ ಮೋಟರ್ ಬಂತು, ಜೊತೆಗೆ ನನ್ನ ಡ್ರೈವ್. ಈ ಡಬ್ಬಿಯೊಳಗಿನ ಅರೆವಾಹಕ ಸ್ವಿಚ್ಚುಗಳು ಕರೆಂಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ಕತ್ತರಿಸಿ, ನಮಗೆ ಬೇಕಾದ ವೇಗಕ್ಕೆ ತಕ್ಕಂತೆ ಮೋಟರ್‌ಗೆ ಹೊಸದಾಗಿ ಕಟ್ಟಿಕೊಡುತ್ತವೆ. ಅವರಿಗೆ ಅದೆಲ್ಲ ವೇಗ ಏರಿಸಿ ಇಳಿಸುವ ಒಂದೇ ಒಂದು ತಿರುಪು.

ಡ್ರೈವ್‌ನಲ್ಲಿ ಯಾವ ದೋಷವೂ ಕಾಣಲಿಲ್ಲ. "ಏನು ಮಾಡ್ತೀರಿ ಇದಕ್ಕ, ಖರೇ ಹೇಳ್ರಿ" ಎಂದು ದಬಾಯಿಸಿದೆ.

ಆಕೆ ಗಂಡನ ಮುಖ ನೋಡಿದರು. "ಏನಿಲ್ರಿ ಅಣ್ಣಾ, ಉಣ್ಣೋ ಹೊತ್ನಾಗ ಸ್ಪೀಡು ಪೂರಾ ಸಣ್ಣಕ ಮಾಡ್ತೀವಿ. ಅದಕ್ಕೂ ಒಂದೀಟು ಆರಾಮ ಸಿಗ್ಲಿ ಅಂತ."

ಒಲೆ ಉರಿಯುವಾಗ ಡ್ರಮ್ ನಿಂತರೆ ತಗಡು ಒಂದೇ ಕಡೆ ಕಾದು ಸೊಟ್ಟಗಾಗುತ್ತದೆ. ಹಾಗಾಗಿ ಮದುವೆಯಾದಾಗಿನಿಂದ ಒಬ್ಬರು ಉಣ್ಣುವಾಗ ಇನ್ನೊಬ್ಬರು ಹಿಡಿಕೆ ತಿರುಗಿಸುತ್ತ ನಿಲ್ಲುತ್ತಿದ್ದರಂತೆ. ಮೋಟರ್ ಇದ್ದರೂ, ಜೋರಾಗಿ ತಿರುಗಿದರೆ ಮರಳು ಚೆಲ್ಲುತ್ತದೆ, ಕಾಯಲು ಒಬ್ಬರು ಬೇಕೇ ಬೇಕು. ತೀರಾ ನಿಧಾನಕ್ಕಿಟ್ಟರೆ ಯಾರೂ ಬೇಡ. ತಿರುಪು ಬಂದ ಮೇಲೆ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂತು ಉಣ್ಣತೊಡಗಿದ್ದರು.

ಮೋಟರ್ ಸುಟ್ಟುಹೋಗಿದ್ದು ಆ ಊಟದಿಂದಲೇ. ಅದನ್ನು ತಣ್ಣಗಿಡುವ ಫ್ಯಾನಿನ ರೆಕ್ಕೆ ಅದರ ಬೆನ್ನಿಗೇ ಇರುತ್ತದೆ. ಮೋಟರ್ ನಿಧಾನವಾದರೆ ರೆಕ್ಕೆಯೂ ನಿಧಾನ, ಗಾಳಿ ಸಾಲದು, ಒಳಗಿನ ತಂತಿ ಬೇಯುತ್ತದೆ. ಇದನ್ನೇ ಅವರಿಗೆ ಹೇಳಿದೆ.

"ಹಂಗಾರ ಬ್ಯಾಡ ಬಿಡ್ರಿ, ಮೊದ್ಲಿನಂಗ ಒಬ್ಬೊಬ್ರೇ ಉಂಡ್ರಾತು" ಎಂದರು ಯಜಮಾನರು. ಅವರ ಹೆಂಡತಿ ಒಲೆಯ ಕಡೆ ತಿರುಗಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಯಾಕ ಬಿಡ್ತೀರಿ? ಮೋಟರ್‌ಗೆ ಬ್ಯಾರೆ ಫ್ಯಾನ್ ಹಾಕಾನು. ಇದು ಎಷ್ಟು ನಿಧಾನ ತಿರುಗಿದ್ರೂ ಅದು ಜೋರಾಗೇ ತಿರುಗತೈತಿ" ಎಂದೆ.

ಹೊಸ ತಂತಿ ಸುತ್ತಿಸಿದ ಮೋಟರ್ ತಂದು, ಹಿಂದೆ ಪ್ರತ್ಯೇಕ ಫ್ಯಾನ್ ಬಿಗಿದು ಕೂರಿಸಿದ ದಿನ, ಊಟದ ಹೊತ್ತಿನವರೆಗೂ ಅಲ್ಲೇ ಕಾದೆ. ಆಕೆ ತಿರುಪನ್ನು ಕೆಳಕ್ಕೆ ಇಳಿಸಿದರು. ಡ್ರಮ್ ಆಮೆಯಂತೆ ಹೊರಳತೊಡಗಿತು. ನಾನು ಆಗಾಗ ಮೋಟರ್ ಮುಟ್ಟಿ ನೋಡುತ್ತಿದ್ದೆ, ಬಿಸಿ ಏರಲಿಲ್ಲ. ನನಗೂ ಒಂದು ತಟ್ಟೆ ಇಟ್ಟರು.

ಆಕೆ ಗಬಗಬನೆ ಉಣ್ಣುತ್ತಿದ್ದರು. ತುತ್ತು ಅಗಿಯಲೂ ಪುರುಸೊತ್ತಿಲ್ಲದಂತೆ, ಒಬ್ಬೊಬ್ಬರೇ ಉಣ್ಣುತ್ತಿದ್ದ ದಿನಗಳ ರೂಢಿಯಲ್ಲಿ ಒಂದು ಕಣ್ಣು ಡ್ರಮ್ಮಿನ ಮೇಲೆ. ಯಜಮಾನರು ಎಡಗೈಯಿಂದ ಆಕೆಯ ಮುಂದೆ ನೀರಿನ ಲೋಟ ಸರಿಸಿದರು.

"ನಿಧಾನ ಉಣ್ಣು. ನಾನು ಇಲ್ಲೇ ಅದೀನಲ್ಲ."