ಬೈಂಡಿಂಗ್ ಕಾಕಾನ ತೀರ್ಪು

ಬೈಂಡಿಂಗ್ ಕಾಕಾನ ಬೆರಳ ತುದಿಗಳು ಸದಾ ನೀಲಿ. ಪುಸ್ತಕಕ್ಕೆ ರಟ್ಟು ಕಟ್ಟುವ ಮೈದಾ ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ಉಗುರಿನ ಸಂದಿಗೆ ಇಳಿದ ಆ ಬಣ್ಣ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದೆ ಅವರ ತಗಡಿನ ಅಂಗಡಿ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಜೂನ್ ಬಂತೆಂದರೆ ಜನ ಹಳೆಯ ಪಠ್ಯಪುಸ್ತಕ ಹಿಡಿದು, ಈ ವರ್ಷಕ್ಕೂ ನಡೆಯುತ್ತದೆಯೇ ಎಂದು ಕೇಳಲು ಅವರ ಮುಂದೆಯೇ ಸಾಲುಗಟ್ಟುತ್ತಿದ್ದರು. ಹಳೆಯದನ್ನೂ ಹೊಸದನ್ನೂ ಜೋಡಿಸಿಟ್ಟು, ಚಿತ್ರ ನೋಡಿ, ಸಾಲು ಎಣಿಸಿ, "ಇದು ನಡೀತೈತಿ", "ಇದು ಚುರಮರಿ ಕಟ್ಟಾಕ ಅಷ್ಟ" ಎಂದು ತೀರ್ಪು ಕೊಡುತ್ತಿದ್ದರು. ಮಾಸ್ತರರಿಗಿಂತ ಅವರ ಮಾತಿಗೇ ತೂಕ.

ನಾನು ಏಳನೆಯ ಇಯತ್ತೆಗೆ ಹೋಗಬೇಕಿದ್ದ ವರ್ಷ ಗಣಿತ ಪುಸ್ತಕ ಬದಲಾಯಿತು. "ಅಕ್ಕನ ಪುಸ್ತಕ ನಡೀತಂದ್ರ ಸಾಲಿಗೆ ಹೋಗು, ಇಲ್ಲಂದ್ರ ಹೊಲಕ್ಕ ನಡಿ" ಎಂದು ಅಪ್ಪ ಹೇಳಿಬಿಟ್ಟಿದ್ದರು. ಕಾಕಾ ಪುಸ್ತಕವನ್ನು ಒಂದು ದಿನ ಇಟ್ಟುಕೊಂಡು, ಮರುದಿನ ಅಪ್ಪನಿಗೆ, "ನಡೀತೈತ್ರಿ ಯಜಮಾನ್ರ, ಕೂಸಿನ್ನ ಕಳಸ್ರಿ" ಎಂದರು. ಗಟ್ಟಿ ರಟ್ಟನ್ನೂ ಹಾಕಿಕೊಟ್ಟರು.

ತರಗತಿಯಲ್ಲಿ ಮೊದಲ ವಾರವೇ ಗೊತ್ತಾಯಿತು. ಅದೇ ಪಾಠ, ಅದೇ ಚಿತ್ರ. ಲೆಕ್ಕಗಳ ಅಂಕಿಗಳು ಮಾತ್ರ ಬೇರೆ. ನನ್ನ ಉತ್ತರವೆಲ್ಲ ತಪ್ಪು. ಹುಡುಗಿಯರು ನಕ್ಕರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸೀದಾ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ ಕೂಗಾಡಿದೆ: "ಓದಾಕ ಬರಂಗಿಲ್ಲಂದ್ರ ಯಾಕ ಹೇಳಬೇಕಿತ್ರಿ?"

ಕಾಕಾ ಕೈಯಲ್ಲಿದ್ದ ಸೂಜಿ ಕೆಳಗಿಟ್ಟರು. "ತಪ್ಪು ನಂದವಾ. ಅಪ್ಪಗ ಹೇಳಬ್ಯಾಡ. ದಿನಾ ಸಂಜೀಕ ಬಾ, ತಿದ್ದಿಕೊಳ್ಳುವಂತಿ."

ನಮ್ಮ ಗಣಿತದ ಮಾಸ್ತರರ ಪುಸ್ತಕ ಕೇಳಿ ತಂದಿದ್ದರು. ನಾನು ಅಂಕಿ ತಿದ್ದುವವರೆಗೆ ಹಾಳೆ ಹಿಡಿದು ಕೂತಿರುತ್ತಿದ್ದರು. ಆದರೆ ಮರುವರ್ಷದಿಂದ ಯಾರು ಹಳೆಯ ಪುಸ್ತಕ ತಂದರೂ, "ಓದು ಬಂದವ್ರನ್ನ ಕೇಳ್ರಿ" ಎನ್ನತೊಡಗಿದರು. ಜೂನ್ ತಿಂಗಳ ಆ ಸಾಲು ನಿಂತುಹೋಯಿತು. ಕಾರಣ ನನಗೆ ಗೊತ್ತಿತ್ತು. ಕ್ಷಮೆ ಕೇಳಲು ಸೊಕ್ಕು ಬಿಡಲಿಲ್ಲ.

ನಾನು ಶಿಕ್ಷಕಿಯಾಗಿ ಊರಿಗೆ ಬಂದಾಗ ಕಾಕಾ ತೀರಿಕೊಂಡು ತಿಂಗಳಾಗಿತ್ತು. ಗಣಿತದ ಮಾಸ್ತರರ ಮುಂದೆ ಆ ದಿನದ ಮಾತು ಹೇಳಿ ಅತ್ತೆ.

"ಅಂವಗ ತಿಳೀಲಿಲ್ಲ ಅಂದ್ಕೊಂಡೀಯೇನ?" ಎಂದರು ಮಾಸ್ತರರು. "ನಿಮ್ಮಪ್ಪಗ ಹೇಳೂಕಿಂತ ಮದಲ ಪುಸ್ತಕ ತಗೊಂಡು ನನ್ನ ಹಂತೇಕ ಬಂದಿದ್ದ. ಲೆಕ್ಕ ಬದಲಾಗ್ಯಾವು, ನಡ್ಯಾಂಗಿಲ್ಲ ಅಂತ ನಾನ ಹೇಳಿದೆ. 'ಹಂಗಂದ್ರ ಹುಡುಗಿ ಸಾಲಿ ಬಿಡ್ತಾಳ್ರಿ' ಅಂದು, ಪುಸ್ತಕ ಬಗಲಾಗ ಇಟ್ಕೊಂಡು ಹೋದ."

ಅಂದು ಗಿರಾಕಿಗಳ ಎದುರು ಇದೊಂದು ಮಾತು ಆಡಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಅಪ್ಪನ ಕಿವಿಗೆ ಬಿದ್ದೀತೆಂದು ಆಡಲಿಲ್ಲ.