ಎರಡರಿಂದ ಮೂರರ ತಾಸು

ಮಾನ್ವಿಗೆ ಬಂದ ಮೊದಲ ಭಾನುವಾರ ಚರ್ಚಿನಲ್ಲಿ ಯಾರೋ ಸತ್ತಿದ್ದಾರೆ ಎಂದುಕೊಂಡೆ. ಪಾಸ್ಟರ್ "ಪ್ರಾರ್ಥಿಸೋಣ" ಎಂದರು. ನಾನು ನಮ್ಮೂರಿನ ರೂಢಿಯಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಜಮಖಾನದ ಮೇಲೆ ಕೂತಿದ್ದ ಅಷ್ಟೂ ಜನ ಒಟ್ಟಿಗೇ ಗಟ್ಟಿ ದನಿಯಲ್ಲಿ ಶುರು ಹಚ್ಚಿಕೊಂಡರು. ಒಬ್ಬಳು ಎದೆ ಬಡಿದುಕೊಂಡು ಅಳುತ್ತಿದ್ದಳು. ಹಿಂದೆ ಯಾರೋ ತೆಲುಗಿನಲ್ಲಿ ಜಗಳಕ್ಕೆ ನಿಂತವರಂತೆ ದೇವರನ್ನು ಕೇಳುತ್ತಿದ್ದರು. ನನ್ನ ಪಕ್ಕದ ವಯಸ್ಸಾದ ಹೆಂಗಸು ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಯೇಸಪ್ಪಾ, ಎಮ್ಮಿ ಎರಡ ದಿನದಿಂದ ಮೇವು ಮುಟ್ಟವಲ್ದು, ಒಂದೀಟು ನೋಡು" ಎನ್ನುತ್ತಿದ್ದಳು. ಕಣ್ಣು ಬಿಟ್ಟು ಗಂಡನನ್ನು ಹುಡುಕಿದೆ. ಆನಂದ ಗಂಡಸರ ಕಡೆ, ತಪ್ಪು ಬಸ್ಸು ಹತ್ತಿದವರ ಹಾಗೆ ಕೂತಿದ್ದರು.

ನಮ್ಮ ಕರಾವಳಿಯ ಚರ್ಚು ಊರಿನಲ್ಲಿರುವ ನಿಮಗೆ ಗೊತ್ತಲ್ಲ. ಬೆಂಚು, ಅಚ್ಚು ಹಾಕಿದ ಆರಾಧನೆಯ ಕ್ರಮ, ಒಬ್ಬರು ಓದಿದರೆ ಉಳಿದವರು ಆಮೆನ್. ಕೆಮ್ಮು ಬಂದರೂ ಕರವಸ್ತ್ರದೊಳಗೆ ಕೆಮ್ಮುವವರು ನಾವು. ಕಷ್ಟ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ದೇವರಿಗೆ ಮಾತ್ರ ಹೇಳುತ್ತೇವೆ. ನೆರೆಮನೆಗೆ ಗೊತ್ತಾದರೆ ಅದೇ ಇನ್ನೊಂದು ಕಷ್ಟ. ಇಲ್ಲಿ ಎಮ್ಮೆಯ ಅಜೀರ್ಣವೂ ಇಡೀ ಸಭೆಯ ವಿಷಯ.

ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ವರ್ಗವಾಗಿ ಇಲ್ಲಿಗೆ ಬಂದೆ. ಹೊಲಿಗೆ ಯಂತ್ರ ರಿಪೇರಿ ಮಾಡುವ ಆನಂದ, ಯಂತ್ರ ಇಲ್ಲದ ಊರಿಲ್ಲ ಎನ್ನುತ್ತಾ ಜೊತೆಗೆ ಬಂದರು. ಮನೆ ಹುಡುಕುವಾಗ ಒಬ್ಬ ಮಾಲೀಕರು "ಯಾವ ಮಂದಿರೀ ನೀವು?" ಎಂದು ಕೇಳಿದರು. ಕ್ರೈಸ್ತರು ಎಂದೆ. "ಅದು ಗೊತ್ತಾತ್ರೀ. ಅದಕ್ಕಿಂತ ಮೊದ್ಲು?" ಅದಕ್ಕಿಂತ ಮೊದಲು ನಾನು ಹುಟ್ಟಿರಲಿಲ್ಲ ಎಂದು ಹೇಳಿ ಬಂದುಬಿಟ್ಟೆ. ಕೊನೆಗೆ ಮನೆ ಹುಡುಕಿಕೊಟ್ಟವಳು ಆ ಎಮ್ಮೆಯ ಸುಂದರಮ್ಮ. ಕೂಲಿ ಮಾಡುವವಳು, ಮಲ್ಲಟದ ಗದ್ದೆಗಳಲ್ಲಿ ಸಸಿ ನೆಡುವ ಹೆಂಗಸರ ಗುಂಪಿಗೆ ಮುಂದಾಳು, ಚರ್ಚಿನ ಹೆಂಗಸರಿಗೂ ಅವಳೇ ಮುಂದಾಳು. ನಾಲ್ಕು ಮಾತಿಗೆ ಮೂರು ಬೈಗುಳ. ಜೋಳದ ರೊಟ್ಟಿ ಬಡಿಯುವುದನ್ನು ಅವಳೇ ಕಲಿಸಿದಳು. ನನ್ನ ಮೊದಲ ರೊಟ್ಟಿ ನೋಡಿ, "ಇದು ಯಾವ ಜಿಲ್ಲಾದ ನಕಾಶಿ ಮೇಡಂ?" ಎಂದಳು. ಮೂರು ತಿಂಗಳ ಮೇಲೆ ಒಂದು ರೊಟ್ಟಿ ಗುಂಡಗೆ ಬಂದು ಉಬ್ಬಿದಾಗ ನಾನು ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ. ಆದರೂ ಕುಚ್ಚಲಕ್ಕಿ ಗಂಜಿಯ ನೆನಪು ಹೋಗಲಿಲ್ಲ. ಬಿಸಿಲು ಮೈಯಿಂದ ಇಳಿಯಲಿಲ್ಲ. ಒಂದು ದಿನವೂ ನಾನಿಲ್ಲಿ ನಿಶ್ಚಿಂತೆಯಿಂದ ಕೂತವಳಲ್ಲ. ಒಂದು ಕಾಲು ಸದಾ ಬಸ್‌ಸ್ಟ್ಯಾಂಡಿನಲ್ಲೇ ಇತ್ತು.

ಇಲ್ಲಿ ಗಂಟೆಗೆ ತಾಸು ಎನ್ನುತ್ತಾರೆ. ಯಾರಾದರೂ ಸಾವು ಬದುಕಿನ ನಡುವೆ ಇದ್ದರೆ ಸರಪಳಿ ಪ್ರಾರ್ಥನೆ ಇಡುತ್ತಾರೆ. ಮುಂಜಾನೆ ಆರರಿಂದ ಸಂಜೆ ಆರರವರೆಗೆ, ಹನ್ನೆರಡು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ತಾಸು. ಎಲ್ಲಿದ್ದರೆ ಅಲ್ಲೇ, ಒಲೆಯ ಮುಂದೆ, ಗದ್ದೆಯ ಕೆಸರಿನಲ್ಲಿ. ತನ್ನ ತಾಸು ತೀರಿದ ಕೂಡಲೇ ಮುಂದಿನವಳಿಗೆ ಫೋನ್ ಮಾಡಿ ಒಪ್ಪಿಸಬೇಕು. ನಡುವೆ ಕಡಿಯಬಾರದು.

ದೇವದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದ ಸುಂದರಮ್ಮನ ಮಗಳು ಎಸ್ತೇರಮ್ಮ ಹೆರಿಗೆಯಾಗಿ ರಕ್ತಸ್ರಾವ ನಿಲ್ಲದೆ ರಾಯಚೂರಿನ ಆಸ್ಪತ್ರೆ ಸೇರಿದಾಗ ನನಗೂ ಒಂದು ತಾಸು ಬಂತು, ಮಧ್ಯಾಹ್ನ ಎರಡರಿಂದ ಮೂರು. ಸರಿಯಾಗಿ ಎರಡಕ್ಕೆ ಒಬ್ಬಳು ಹೊಲದಿಂದ ಫೋನ್ ಮಾಡಿದಳು. "ನನ್ನ ತಾಸು ತೀರಿತು ಮೇಡಂ. ಇನ್ನ ಹುಡುಗಿ ನಿಮ್ಮ ಕೈಯಾಗ ಅದಾಳ." ಆಗಲಿ ಎಂದೆ. ಆದರೆ ಅವತ್ತೇ ವರ್ಗಾವಣೆಯ ಅರ್ಜಿಗೆ ಕೊನೆಯ ದಿನ. ಎರಡು ಗಂಟೆಗೆ ನಾನು ಕಂಪ್ಯೂಟರ್ ಅಂಗಡಿಯಲ್ಲಿದ್ದೆ. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಊರು, ಊರು, ಊರು ಎಂಬುದೊಂದು ಬಿಟ್ಟರೆ ತಲೆಯಲ್ಲಿ ಏನೂ ಇರಲಿಲ್ಲ. ಅರ್ಜಿ ಹೋಯಿತು. ಮೂರಾಗಿತ್ತು. ಪಾಸ್ಟರ್ ಹೆಂಡತಿಗೆ ಫೋನ್ ಮಾಡಿ "ನನ್ನ ತಾಸು ತೀರಿತು" ಎಂದೆ.

ಎಸ್ತೇರಮ್ಮ ಉಳಿದಳು. ಸುಂದರಮ್ಮ ಸ್ತುತಿಯ ಊಟ ಹಾಕಿ, ತಾಸು ಹಿಡಿದ ಹನ್ನೆರಡು ಹೆಂಗಸರನ್ನೂ ಹೆಸರು ಹಿಡಿದು ಕರೆದು ಒಂದೊಂದು ಕುಪ್ಪಸದ ಬಟ್ಟೆ ಕೊಟ್ಟಳು. ನಾನೂ ಎದ್ದು ಹೋಗಿ ಎರಡೂ ಕೈ ಚಾಚಿ ತೆಗೆದುಕೊಂಡೆ. ಅದನ್ನು ಹೊಲಿಸಲಿಲ್ಲ, ಕಪಾಟಿನ ತಳದಲ್ಲಿ ಹಾಕಿದೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ.

ಎರಡು ತಿಂಗಳಾಗಿರಬಹುದು. ಒಂದು ಮುಂಜಾನೆ ಆನಂದರ ಬಲಗೈಯಿಂದ ಕಾಫಿ ಲೋಟ ಜಾರಿತು. ಬೈಯಲು ತಿರುಗಿದರೆ ಅವರ ಬಾಯಿ ಒಂದು ಕಡೆ ಎಳೆದಿತ್ತು. ರಾಯಚೂರಿಗೆ ಆಂಬುಲೆನ್ಸು. ಕಲ್ಲೂರು ದಾಟುವಾಗ ಅವರು ಏನೋ ಹೇಳಿದರು. ಇಪ್ಪತ್ತಮೂರು ವರ್ಷ ಜೊತೆಗಿದ್ದವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಡಾಕ್ಟರು, ಮೂರು ದಿನ ಏನೂ ಹೇಳಲಾಗದು ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದೆ. ಕೂರಲಾಗಲಿಲ್ಲ. ಈ ತುದಿಯಿಂದ ಆ ತುದಿ, ಮತ್ತೆ ಈ ತುದಿ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಪ್ರಾರ್ಥನೆಗಳು ಒಂದೂ ಬರಲಿಲ್ಲ. ಕಣ್ಣು ಮುಚ್ಚಿದರೆ ಕಂಪ್ಯೂಟರಿನ ಚಕ್ರ ತಿರುಗುತ್ತಿತ್ತು. ಕದ್ದ ತಾಸನ್ನು ದೇವರು ವಸೂಲಿ ಮಾಡುತ್ತಿದ್ದಾನೆ ಅನಿಸಿತು. ನಮ್ಮ ದೇವರು ಹಾಗಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಯಾವ ಬಾಗಿಲಿಗೆ ಓಡಬೇಕೋ ಆ ಬಾಗಿಲಿನ ಮುಂದೆಯೇ ನಾನು ಕಳ್ಳಿ.

ಎರಡನೆಯ ದಿನ ಸುಂದರಮ್ಮ ಬಸ್ಸು ಹಿಡಿದು ಬಂದಳು. ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಖಾರದ ಚಟ್ನಿಪುಡಿ, ಸೊಂಟದಲ್ಲಿ ಸಿಕ್ಕಿಸಿದ ಹೆಸರುಗಳ ಒಂದು ಚೀಟಿ.

"ನಾಳಿ ಮುಂಜಾನಿ ಆರಕ್ಕ ಸರಪಳಿ ಇಟ್ಟೀನಿ. ಹನ್ನೊಂದು ಮಂದಿ ಸಿಕ್ಕಾರ. ಮೊದ್ಲು ಉಣ್ಣು, ಮಾರಿ ಹೆಂಗ ಆಗ್ಯಾದ ನೋಡು."

"ಬೇಡ ಸುಂದರಮ್ಮಾ."

"ಯಾಕ ಬ್ಯಾಡ?"

"ನಿಮ್ಮ ಮಗಳಿಗಾಗಿ ನಾನು ಪ್ರಾರ್ಥನೆ ಮಾಡಲೇ ಇಲ್ಲ. ಆ ಹೊತ್ತಿನಲ್ಲಿ ವರ್ಗಾವಣೆಯ ಅರ್ಜಿ ತುಂಬುತ್ತಿದ್ದೆ. ತಾಸು ತೀರಿತು ಅಂತ ಸುಳ್ಳು ಹೇಳಿದೆ."

ಅವಳು ನನ್ನನ್ನು ನೋಡಲಿಲ್ಲ. ರೊಟ್ಟಿಯ ಗಂಟು ಬೆಂಚಿನ ಮೇಲಿಟ್ಟು ಎದ್ದು ಹೋದಳು. ಕಾರಿಡಾರಿನ ತುದಿಯ ಕಿಟಕಿಯ ಹತ್ತಿರ ನನಗೆ ಬೆನ್ನು ಮಾಡಿ ನಿಂತಳು. ಹಾಗೇ ಬಸ್ಸು ಹತ್ತಿ ಹೋಗುತ್ತಾಳೆ ಎಂದುಕೊಂಡೆ. ಹೋದರೆ ತಪ್ಪು ಹೇಳುವಂತಿರಲಿಲ್ಲ.

ತಿರುಗಿ ಬಂದಾಗ ಅವಳ ಕಣ್ಣು ಕೆಂಪಗಿತ್ತು.

"ನನ್ನ ಮಗಳ ರಕ್ತ ಹರಿಯಾಕತ್ತಿತ್ತು, ನೀ ಕಂಪೂಟರ್ ಒತ್ತಾಕತ್ತಿದ್ದಿ."

"ಹೌದು."

"ಸಸಿ ಹಚ್ಚೂವಾಗ ಸಾಲಿನ್ಯಾಗ ಒಬ್ಬಾಕಿ ಹಿಂದ ಬಿದ್ದಳಂದ್ರ ಏನ್ ಮಾಡ್ತೀವಿ ಗೊತ್ತದೇನು? ಎರಡೂ ಮಗ್ಗಲದಾಕಿಗೋಳು ಆಕಿ ಸಾಲಿನ್ಯಾಗೂ ಸಸಿ ಊರ್ತೀವಿ. ಬೈತೀವಿ, ಬೈಕೋಂತನ ಊರ್ತೀವಿ. ಗದ್ದಿ ಖಾಲಿ ಬಿಡಂಗಿಲ್ಲ. ನಿನ್ನ ತಾಸು ಯಾರೋ ಹಚ್ಯಾರ. ಯಾರಂತ ಯೇಸಪ್ಪಗ ಗೊತ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗ ಸಿಟ್ಟು ಅದ. ಇನ್ನೂ ಬಾಳ ದಿನ ಇರ್ತದ. ಆದ್ರ ನಾಳಿಗೆ ಒಬ್ಬಾಕಿ ಕಮ್ಮಿ ಬಿದ್ದಾಳ. ಎರಡರಿಂದ ಮೂರು, ನಿನ್ನ ಹೆಸರು ಬರಸ್ತೀನಿ. ಈ ಸಲ ಬಾಯಿ ಬಿಟ್ಟು ಮಾಡು ತಂಗಿ. ನನ್ನ ಕಿವಿಗೆ ಬೀಳಬೇಕು."

ಮರುದಿನ ಮಧ್ಯಾಹ್ನ ಎರಡಕ್ಕೆ ಫೋನ್ ಬಂತು. ಮಲ್ಲಟದ ಗದ್ದೆಯಲ್ಲಿ ನಿಂತವಳು, ಹಿಂದೆ ನೀರು ತುಳಿಯುವ ಸದ್ದು. "ನನ್ನ ತಾಸು ತೀರಿತು ಮೇಡಂ. ಆನಂದ ಸಾರು ನಿಮ್ಮ ಕೈಯಾಗ ಅದಾರ." ಸುಂದರಮ್ಮ ಪಕ್ಕದಲ್ಲೇ ಕಾವಲು ಕೂತಿದ್ದಳು. ಕಾರಿಡಾರಿನ ತುಂಬ ಜನ. ನಾಚಿಕೆಯಿಂದ ಸಾಯುವ ಹಾಗಾಯಿತು. ಕೊನೆಗೆ ಬಾಯಿ ಬಿಟ್ಟೆ. ಬಂದದ್ದು ಮನೆಯ ತುಳುವಿನಲ್ಲಿ. ಸುಳ್ಳು ಹೇಳಿದೆ ದೇವರೇ, ಎಂದೆ. ಈ ಊರನ್ನು ಒಂದು ದಿನವೂ ನನ್ನದು ಅಂದುಕೊಳ್ಳಲಿಲ್ಲ, ಎಂದೆ. ಅವರ ಬಲಗೈ ಬೇಕು, ಸೂಜಿಗೆ ದಾರ ಪೋಣಿಸುವ ಕೈ ಅದು, ಎಂದೆ. ಆಮೇಲೆ ಕ್ರಮ ತಪ್ಪಿತು. ಅತ್ತೆ, ಬೈದೆ, ಬೇಡಿದೆ, ಅದನ್ನೇ ನೂರು ಸಲ ಹೇಳಿದೆ. ಎದುರಿನ ಬೆಂಚಿನ ಬುರ್ಖಾದ ಹೆಂಗಸು ಎದ್ದು ಬಂದು ನೀರಿನ ಬಾಟಲಿಯನ್ನು ನನ್ನ ಪಕ್ಕದಲ್ಲಿಟ್ಟು ಹೋದಳು. ಸುಂದರಮ್ಮನಿಗೆ ತುಳು ಒಂದಕ್ಷರ ಬಾರದು. ಆದರೂ ನಡುನಡುವೆ "ಹೌದ ಯೇಸಪ್ಪಾ, ಕೇಳು" ಎಂದು ನನ್ನ ಪರವಾಗಿ ಒತ್ತಾಯ ಮಾಡುತ್ತಿದ್ದಳು.

ದೇವರು ಆಗಲೇ ಉತ್ತರ ಕೊಟ್ಟ ಎಂದು ಬರೆಯಲಾರೆ. ಒಳಗಿನಿಂದ ಯಾವ ಸುದ್ದಿಯೂ ಬರಲಿಲ್ಲ. ಆದರೆ ಆತನಿಂದ ಅಡಗಿಕೊಂಡು ತಿರುಗುವುದು ಮುಗಿದಿತ್ತು. ನನಗೆ ಮೂರು ದಿನದಲ್ಲಿ ಮೊದಲ ಸಲ ಹಸಿವಾಯಿತು. ಒಣಗಿ ಗಟ್ಟಿಯಾದ ರೊಟ್ಟಿ ಹಿಂಡಿಯ ಜೊತೆ ತಿಂದೆ, ಕಣ್ಣಲ್ಲಿ ಖಾರದ ನೀರೋ ಯಾವ ನೀರೋ ಬಂತು. ಮಕ್ಕಳು ಅತ್ತು ಸುಸ್ತಾಗಿ ತಾಯಿಯ ಮಡಿಲಲ್ಲಿ ಕೂರುತ್ತವಲ್ಲ, ಹಾಗೆ ಕೂತಿದ್ದೆ.

ಆನಂದ ಉಳಿದರು. ಮಾತು ತೊದಲು, ಬಲಗೈ ಎದ್ದರೂ ಹಿಡಿತ ಇಲ್ಲ. ಸೂಜಿ ಇನ್ನೂ ದೂರ. ಚರ್ಚಿನ ಗಂಡಸರು ದಿನಕ್ಕೊಬ್ಬರು ಬಂದು ಅವರನ್ನು ಹಿಡಿದು ಅಂಗಳದಲ್ಲಿ ನಡೆಸುತ್ತಾರೆ.

ಕಳೆದ ವಾರ ವರ್ಗಾವಣೆಯ ಆದೇಶ ಬಂತು. ನಮ್ಮೂರಿಗೇ. ಕಾಗದ ಹಿಡಿದು ಸುಂದರಮ್ಮನ ಮನೆಗೆ ಹೋಗಿ, ನಾನು ಹೋಗುವುದಿಲ್ಲ, ಬೇಡ ಎಂದು ಬರೆದುಕೊಡುತ್ತೇನೆ ಎಂದೆ. ನಿಜವಾಗಿಯೂ ಹಾಗೇ ಅನಿಸಿತ್ತು. ಇವರನ್ನು ಬಿಟ್ಟು ಇನ್ನೆಲ್ಲಿ ನಾನು ಬಾಯಿ ಬಿಟ್ಟು ಅಳಲಿ? ಅಲ್ಲಿ ಆನಂದರಿಗೆ ಒಳ್ಳೆಯ ಚಿಕಿತ್ಸೆ ಇದೆ, ಅವರ ಅಕ್ಕಂದಿರಿದ್ದಾರೆ, ಎಲ್ಲ ಸರಿ. ಆದರೂ.

ಅವಳು ಎಮ್ಮೆಯ ಮುಂದೆ ಮೇವು ಹಾಕುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿದಳು.

"ನನ್ನ ಮಗಳ ತಾಸು ಕೊಟ್ಟು ಈ ಕಾಗದ ತಂದೀದಿ. ಈಗ ಹೋಗಂಗಿಲ್ಲ ಅಂದ್ರ ಆ ತಾಸು ಪೂರಾ ದಂಡ ಆಗ್ತದ. ಹೋಗು. ಹೋಗಿ ಗಂಡನ ಕೈ ಎಬಸು."

ಅದಕ್ಕೇ ಆನಂದರನ್ನು ಕರೆದುಕೊಂಡು ಊರಿಗೆ, ನಿಮ್ಮಲ್ಲಿಗೆ ಬರುತ್ತಿದ್ದೇನೆ. ಅರ್ಜಿ ಹಾಕಿದ ದಿನ ನಾನು ಕಂಡ ಕನಸಿನಲ್ಲಿ ಬಸ್ಸಿನಿಂದ ಓಡುತ್ತಾ ಇಳಿದಿದ್ದೆ. ದಯವಿಟ್ಟು ಬಸ್‌ಸ್ಟ್ಯಾಂಡಿಗೆ ಯಾರೂ ಬರಬೇಡಿ. ಮನೆಗೆ ಬಂದ ಖುಷಿಯ ಮುಖ ಮಾಡಿಕೊಂಡು ಇಳಿಯುವ ಶಕ್ತಿ ನನಗಿಲ್ಲ.